ಹೂತುಹೋದ ಎರಡು ಮೆಟ್ಟಿಲು: 1850ರ ದಶಕದ ಒಂದು ಚರ್ಚಿನ ಒದ್ದೆ ಗೋಡೆಯ ಪ್ರಕರಣ

ಬೆಂಗಳೂರು ದಂಡಿನ ಹಳೆಯ ಚರ್ಚೊಂದರ ದಕ್ಷಿಣದ ಗೋಡೆಗೆ ಎಂಟು ವರ್ಷದಲ್ಲಿ ಮೂರು ಸಲ ಬಣ್ಣ ಬಳಿದಿದ್ದರು. ಮೂರು ಸಲವೂ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿ ಉದುರಿತ್ತು. ನಾಲ್ಕನೇ ಸಲ ಬಳಿಯುವ ಮೊದಲು ಸಭೆಯ ಹಿರಿಯರು ನನ್ನನ್ನು ಕರೆಸಿದರು. ಹಳೆಯ ಕಟ್ಟಡಗಳ ದುರಸ್ತಿ ನನ್ನ ಕಸುಬು. ಆ ಕೆಲಸದಲ್ಲಿ ನಾವು ತೆಗೆದುಕೊಂಡ ತೀರ್ಮಾನಗಳನ್ನೂ ನಾನು ಮಾಡಿದ ತಪ್ಪುಗಳನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ಬಗೆಯ ಗೋಡೆ ಎದುರಿಸುತ್ತಿರುವವರು ನಮ್ಮ ರಾಜ್ಯದಲ್ಲಿ ಬಹಳ ಮಂದಿ ಇದ್ದಾರೆ. ಚರ್ಚಿನ ಹೆಸರು, ಪಂಗಡ, ಬೀದಿ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಕಟ್ಟಡ ಮತ್ತು ಅದರ ಕಾಲ

ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೈನ್ಯ 1809ರಲ್ಲಿ ಬೆಂಗಳೂರಿಗೆ ಬಂದು ಬೀಡುಬಿಟ್ಟ ಮೇಲೆ ಹುಟ್ಟಿದ್ದು ಈ ದಂಡು. ಮೊದಲ ಕೆಲವು ದಶಕ ಇಲ್ಲಿ ದೊಡ್ಡ ಕಟ್ಟಡಗಳು ಕಡಿಮೆ. ಸೇಂಟ್ ಮಾರ್ಕ್ಸ್ ಚರ್ಚು 1816ರಲ್ಲೇ ಪ್ರತಿಷ್ಠೆಯಾಗಿತ್ತು. ಆದರೆ ನಿಜವಾದ ಕಟ್ಟಡದ ಸುಗ್ಗಿ ಬಂದದ್ದು ಶತಮಾನದ ನಡುವಿನಲ್ಲಿ. ಹೋಲಿ ಟ್ರಿನಿಟಿ ಚರ್ಚು 1851ರದ್ದು. ಜೋಲಾರಪೇಟೆಯಿಂದ ದಂಡಿಗೆ ರೈಲು ಬಂದದ್ದು 1864ರಲ್ಲಿ. ಚೂಪು ಕಮಾನುಗಳ ಸೇಂಟ್ ಆಂಡ್ರ್ಯೂಸ್ 1866ರದ್ದು. ಟಿಪ್ಪು ಅರಮನೆಯಲ್ಲಿ ಇಕ್ಕಟ್ಟಾಗಿ ನಡೆಯುತ್ತಿದ್ದ ಸರ್ಕಾರಿ ಕಚೇರಿಗಳಿಗೆಂದು ರಿಚರ್ಡ್ ಸ್ಯಾಂಕಿ ರೂಪಿಸಿದ ಅಠಾರಾ ಕಚೇರಿ 1868ರಲ್ಲಿ ಮುಗಿಯಿತು. ಹೆಚ್ಚುಕಡಿಮೆ ಹದಿನೆಂಟು ವರ್ಷದೊಳಗೆ ದೇವರ ಮನೆ, ರೈಲಿನ ಮನೆ, ಸರ್ಕಾರದ ಮನೆ ಮೂರೂ ಎದ್ದು ನಿಂತವು.

ಬಳಕೆ ಬೇರೆಯಾದರೂ ಇವುಗಳ ಮೈ ಬಹುಪಾಲು ಒಂದೇ. ನಕ್ಷೆ ಎಳೆದವರು ಸೈನ್ಯದ ಮತ್ತು ಸರ್ಕಾರದ ಎಂಜಿನಿಯರುಗಳು. ಕಂಬದ ದಪ್ಪ ಎಷ್ಟಿರಬೇಕು, ಅದರ ಮೇಲಿನ ತೊಲೆ ಎಷ್ಟು ಚಾಚಬೇಕು ಎಂಬುದಕ್ಕೆ ಅವರ ಕೈಯಲ್ಲಿ ಪುಸ್ತಕವಿತ್ತು. ಗೋಡೆ ಎಬ್ಬಿಸಿದವರಿಗೆ ಅಂಥ ಪುಸ್ತಕ ಬೇಕಿರಲಿಲ್ಲ. ಬುಡಕ್ಕೆ ಇಲ್ಲಿಯದೇ ಗ್ರಾನೈಟ್ ಕಲ್ಲು, ಮೇಲೆ ಇಲ್ಲೇ ಸುಟ್ಟ ಇಟ್ಟಿಗೆ, ನಡುವೆ ಸುಣ್ಣದ ಗಾರೆ. ಸೂರಿಗೆ ಮದ್ರಾಸ್ ತಾರಸಿ: ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಹಾಕಿ ಬಡಿದು ಗಟ್ಟಿಮಾಡುವುದು. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರಲ್ಲಿ ಹೊರಟ ಮದ್ರಾಸಿನ ರಾಯಪುರಂ ನಿಲ್ದಾಣದ ಕಂಬಸಾಲನ್ನು ನೋಡಿದವರಿಗೆ ದಂಡಿನ ಈ ಕಟ್ಟಡಗಳು ಅದರ ನೆಂಟರೆಂದು ಕಂಡ ಕೂಡಲೇ ತಿಳಿಯುತ್ತದೆ.

ಒಂದು ಸಂಗತಿಯನ್ನು ಇಲ್ಲೇ ಹೇಳಬೇಕು, ಮುಂದೆ ಎಲ್ಲವೂ ಅದರ ಮೇಲೆ ನಿಂತಿದೆ. ಗ್ರೀಕ್, ರೋಮನ್ ಮಾದರಿಯ ಈ ಶಾಸ್ತ್ರೀಯ ಶೈಲಿಯ ಕಟ್ಟಡಗಳಲ್ಲಿ ಗಾರೆ ಗೋಡೆಗೆ ಹೊದಿಸಿದ ಬಟ್ಟೆಯಷ್ಟೇ ಆಗಿರಲಿಲ್ಲ. ಕಂಬದ ಉಬ್ಬು, ಕಾರ್ನಿಸಿನ ಅಂಚು, ಗೋಡೆಗಂಟಿದ ಅರೆಗಂಬ, ದೊಡ್ಡ ಕಲ್ಲು ಜೋಡಿಸಿದಂತೆ ಕಾಣಲೆಂದು ಎಳೆದ ಗೀರುಗಳು ಎಲ್ಲವೂ ಇಟ್ಟಿಗೆಯ ಮೇಲೆ ಗಾರೆಯಲ್ಲೇ ಮೂಡಿದವು. ಮದ್ರಾಸಿನ ಕಡೆ ಚಿಪ್ಪು ಸುಣ್ಣದ ಗಾರೆಯನ್ನು ಅಮೃತಶಿಲೆಯಂತೆ ಹೊಳೆಯುವವರೆಗೆ ಉಜ್ಜುವ ಕಸುಬಿಗೆ ಆಗಲೇ ದೊಡ್ಡ ಹೆಸರಿತ್ತು. ಆ ಗಾರೆಯನ್ನು ಕಿತ್ತು ಸಪಾಟಾಗಿ ಸಿಮೆಂಟು ಬಳಿದರೆ ಉಳಿಯುವುದು ದಪ್ಪ ಗೋಡೆಯ ಒಂದು ದೊಡ್ಡ ಕೋಣೆ. ವಾಸ್ತುಶಿಲ್ಪ ಹೋಗಿಬಿಟ್ಟಿರುತ್ತದೆ.

ನಮ್ಮ ಚರ್ಚು ಅಂಥದ್ದು. ಮುಂದೆ ಕಂಬಗಳ ಮೊಗಸಾಲೆ, ಮೇಲೆ ಗಿಡ್ಡ ಗೋಪುರ, ಒಳಗೆ ಉದ್ದನೆಯ ಒಂದೇ ಹಜಾರ, ಎರಡೂ ಬದಿಗೆ ಎತ್ತರದ ಕಿಟಕಿಗಳು, ಕಿಟಕಿಗಳ ನಡುವೆ ಯಾವ ಯಾವುದೋ ಜ್ವರದಲ್ಲಿ ತೀರಿಕೊಂಡ ಎಳೆಯ ಸೈನಿಕಾಧಿಕಾರಿಗಳ ಸ್ಮಾರಕ ಫಲಕಗಳು. ಈಗಿನ ಸಭೆ ಪೂರ್ತಿ ಇಲ್ಲಿನವರದು. ಮೂರು ನಾಲ್ಕು ತಲೆಮಾರಿನಿಂದ ಅಲ್ಲೇ ದೀಕ್ಷಾಸ್ನಾನ, ಅಲ್ಲೇ ಮದುವೆ.

ಗೋಡೆಯ ಸ್ಥಿತಿ

ಮೊದಲ ದಿನ ಒಳಗೆ ಕಾಲಿಟ್ಟಾಗ ಹಳೆಯ ಹಸಿ ಕಾಗದದ ವಾಸನೆ ಬಂತು. ದಕ್ಷಿಣದ ಗೋಡೆ ನೆಲದಿಂದ ಎದೆಮಟ್ಟದವರೆಗೆ ಒದ್ದೆ. ಅದರ ಮೇಲಂಚಿನಲ್ಲಿ ಬಿಳಿ ಉಪ್ಪು ಹೂಬಿಟ್ಟು ನಿಂತಿತ್ತು. ಗೋಡೆ ಪಕ್ಕದ ಬೆಂಚುಗಳ ಕಾಲು ಬುಡದಲ್ಲಿ ಕೊಳೆತಿದ್ದವು. ಎರಡು ಫಲಕಗಳ ಕೆಳಗೆ ಕಬ್ಬಿಣದ ತುಕ್ಕು ಕಣ್ಣೀರಿನ ಹಾಗೆ ಇಳಿದಿತ್ತು. ಫಲಕ ಹಿಡಿದಿದ್ದ ಮೊಳೆಗಳು ಒಳಗೇ ಉಬ್ಬುತ್ತಿದ್ದವು.

ಹಿಂದೆ ಏನೇನು ಮಾಡಿದ್ದಾರೆಂದು ವಿಚಾರಿಸಿ ಒಂದು ಪಟ್ಟಿ ಮಾಡಿಕೊಂಡೆ. ಕೆಳಗಿನ ಹಳೆಯ ಗಾರೆ ಉದುರತೊಡಗಿದಾಗ ಅದನ್ನು ಕಿತ್ತು ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಆಮೇಲೆ ಹಳೆಯ ಕಲ್ಲು ಹಾಸಿನ ಮೇಲೆ ಹೊಳೆಯುವ ಟೈಲ್ಸ್ ಬಂತು. ಹೊರಗಿನ ಅಂಗಳ ಕೆಸರಾಗುತ್ತದೆಂದು ಕಾಂಕ್ರೀಟ್ ಹಾಸಿ ಗೋಡೆಯವರೆಗೂ ಒಯ್ದು ಮುಟ್ಟಿಸಿದರು. ಕೊನೆಗೆ ತೊಳೆಯಲು ಸುಲಭವೆಂದು ಪ್ಲಾಸ್ಟಿಕ್ ಎಮಲ್ಷನ್ ಬಣ್ಣ. ಇವುಗಳಲ್ಲಿ ಒಂದನ್ನೂ ಯಾರೂ ಉಡಾಫೆಯಿಂದ ಮಾಡಿದ್ದಲ್ಲ. ಚಂದಾ ಎತ್ತಿ, ಭಾನುವಾರದ ಆರಾಧನೆ ಮುಗಿದ ಮೇಲೆ ಬಿಸಿಲಲ್ಲಿ ನಿಂತು ತಾವೇ ನೋಡಿಕೊಂಡು ಮಾಡಿಸಿದ ಕೆಲಸಗಳು. ಪ್ರತಿಯೊಂದಾದ ಮೇಲೂ ಒದ್ದೆಯ ಗೆರೆ ಒಂದಷ್ಟು ಮೇಲೇರಿತ್ತು.

ನಾನು ಹೋದಾಗ ಸಮಿತಿಯ ಮುಂದೆ ಎರಡು ಕೊಟೇಶನ್ ಇದ್ದವು. ಒಂದು, ಗೋಡೆಗೆ ಸಾಲಾಗಿ ತೂತು ಕೊರೆದು ರಾಸಾಯನಿಕ ತುಂಬುವುದು. ಇನ್ನೊಂದು, ಒಳಗಿನಿಂದ ಎದೆಮಟ್ಟದವರೆಗೆ ಗ್ರಾನೈಟ್ ಚಪ್ಪಡಿ ಹೊದಿಸಿಬಿಡುವುದು. ಎರಡಕ್ಕೂ ಹತ್ತು ವರ್ಷದ ಲಿಖಿತ ಗ್ಯಾರಂಟಿ.

ನನ್ನ ಮೊದಲ ತಪ್ಪು

ಗೋಪುರದ ಪಕ್ಕದಲ್ಲಿ ಸೂರಿನ ಕೆಳಗೂ ಒಂದು ಕಲೆ ಇತ್ತು. ಅದನ್ನು ನೋಡಿ ನೀರು ಮೇಲಿನಿಂದ ಇಳಿಯುತ್ತಿದೆ ಎಂದು ತೀರ್ಮಾನಿಸಿಬಿಟ್ಟೆ. ತಾರಸಿ ಹತ್ತಿದರೆ ಮಳೆನೀರಿನ ಕೊಳವೆಗಳ ಬಾಯಲ್ಲಿ ಪಾರಿವಾಳದ ಗೂಡು, ಒಂದು ಮೂಲೆಯಲ್ಲಿ ಅರಳಿ ಸಸಿ. ನನ್ನ ಅನುಮಾನ ನಿಜವಾಯಿತೆಂದು ಉತ್ಸಾಹ ಬಂತು. ಕೊಳವೆ ಬಿಡಿಸಿದೆವು, ಸಸಿಯನ್ನು ಬೇರುಸಹಿತ ತೆಗೆದೆವು, ಬಿರುಕಿಗೆ ಸುಣ್ಣ ಮತ್ತು ಸುರ್ಕಿ (ಕುಟ್ಟಿದ ಇಟ್ಟಿಗೆ ಪುಡಿ) ತುಂಬಿದೆವು. ಒಂದಿಡೀ ತಿಂಗಳು ಅದರಲ್ಲೇ ಹೋಯಿತು. ಮೇಲಿನ ಕಲೆ ಒಣಗಿತು. ಕೆಳಗಿನ ಎದೆಮಟ್ಟದ ಗೆರೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಕಟ್ಟಡದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿದ್ದವು. ಕಣ್ಣಿಗೆ ಬೇಗ ಬಿದ್ದದ್ದನ್ನು ಹಿಡಿದು ಅದೇ ಇನ್ನೊಂದರ ಕಾರಣವೆಂದುಕೊಂಡಿದ್ದೆ. ಸಮಿತಿಯ ಮುಂದೆ ಹೋಗಿ ಅದನ್ನೇ ಹೇಳಿದೆ. ಹೇಳದೆ ಮುಂದುವರಿಯುವ ಹಾಗಿರಲಿಲ್ಲ, ಖರ್ಚಾದದ್ದು ಅವರ ಹಣ.

ಕಪಾಟಿನ ಹಿಂದೆ

ಕೆಲಸ ತಿರುಗಿದ್ದು ವೆಸ್ಟ್ರಿಯಲ್ಲಿ, ಅಂದರೆ ಪಾದ್ರಿಗಳು ಆರಾಧನೆಗೆ ಸಿದ್ಧವಾಗುವ ಕೋಣೆಯಲ್ಲಿ. ದಕ್ಷಿಣದ ಗೋಡೆಯೇ ಮುಂದುವರಿದು ಆ ಚಿಕ್ಕ ಕೋಣೆಗೂ ಬರುತ್ತದೆ. ಅಲ್ಲಿ ಗೋಡೆಗೆ ಒರಗಿ ಒಂದು ಭಾರದ ಬೀಟೆ ಮರದ ಕಪಾಟು, ಒಳಗೆ ಹಳೆಯ ರಿಜಿಸ್ಟರುಗಳು. ಹಿಂದಿನ ಯಾವ ದುರಸ್ತಿಯಲ್ಲೂ ಅದನ್ನು ಸರಿಸಿರಲಿಲ್ಲ. ರಿಜಿಸ್ಟರುಗಳು ಹಾಳಾಗಿರಬಹುದೆಂಬ ಭಯಕ್ಕೆ ನಾವು ಸರಿಸಿದೆವು. ಹಿಂದೆ ಮೂಲ ಗಾರೆ ಹಾಗೇ ಇತ್ತು, ದಂತದ ಬಣ್ಣದ್ದು, ಮುಟ್ಟಿದರೆ ನುಣುಪು. ರಿಜಿಸ್ಟರುಗಳು ಬೆಚ್ಚಗಿದ್ದವು.

ನನ್ನ ಜೊತೆ ಬಂದಿದ್ದ ಮೇಸ್ತ್ರಿ ಎಪ್ಪತ್ತರ ಹತ್ತಿರದವರು. ಹುಡುಗನಾಗಿದ್ದಾಗ ಸುಣ್ಣದ ಗಾಣಕ್ಕೆ ಎತ್ತು ಹೊಡೆದ ಕೈ. ಗಾರೆಯ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಎರಡು ಹೆಜ್ಜೆ ಆಚೆಗೆ, ಸಿಮೆಂಟ್ ಇದ್ದ ಕಡೆ ಊರಿದರು.

"ಮೇಡಂ, ಇದು ಬೆವರಿದ್ದನ್ನ ಆರಿಸ್ಕೊಂಡೈತೆ. ಅದಕ್ಕೆ ರೈನ್‌ಕೋಟ್ ಹಾಕಿ ಕೂರ್ಸವ್ರೆ. ಒಳಗಿನ ಬೆವರು ಎಲ್ಲಿಗೆ ಹೋಗ್ಬೇಕು?"

ಅವರು ಹೇಳಿದ್ದೇ ಭೌತಶಾಸ್ತ್ರ. ಇಟ್ಟಿಗೆಯ ಸಣ್ಣ ಸಣ್ಣ ರಂಧ್ರಗಳ ಮೂಲಕ ನೆಲದ ತೇವ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಗೋಡೆಯೊಳಗೆ ಏರುತ್ತದೆ. ಸುಣ್ಣದ ಗಾರೆಯಲ್ಲೂ ಅಂಥ ರಂಧ್ರಗಳಿವೆ. ಏರಿದ ನೀರು ಮಾರುದ್ದ ಹೋಗುವ ಮೊದಲೇ ಆರಿಹೋಗುತ್ತದೆ. ಸಿಮೆಂಟು ಬಿಗಿಯಾದದ್ದು. ಆರಲು ಜಾಗ ಸಿಗದ ನೀರು, ಜಾಗ ಸಿಗುವವರೆಗೆ ಮೇಲೇರುತ್ತದೆ. ನೆಲಕ್ಕೆ ಟೈಲ್ಸ್ ಬಂದಾಗ ಕಲ್ಲು ಹಾಸಿನ ಸಂದುಗಳಲ್ಲಿ ಆರುತ್ತಿದ್ದ ತೇವವೂ ಗೋಡೆಯ ಕಡೆಗೇ ತಿರುಗಿತು. ನೀರಿನ ಜೊತೆ ಬಂದ ಉಪ್ಪು, ನೀರು ಆರಿದ ಕಡೆ ಹರಳುಗಟ್ಟಿ ಇಟ್ಟಿಗೆಯ ಮೈಯನ್ನೇ ಒಡೆಯುತ್ತದೆ. ಸುಣ್ಣದ ಗಾರೆ ಇದ್ದಾಗ ಆ ಹೊಡೆತವನ್ನು ಗಾರೆ ತಿನ್ನುತ್ತಿತ್ತು. ಕೆಲವು ವರ್ಷಕ್ಕೊಮ್ಮೆ ಅದು ಉದುರುವುದು, ಹೊಸದು ಹಾಕುವುದು ನಡೆದುಕೊಂಡು ಬಂದ ಕ್ರಮ. ಉದುರಿದ್ದನ್ನು ಸೋಲೆಂದು ತಿಳಿದು ಗಟ್ಟಿಯಾದದ್ದನ್ನು ಬಳಿದ ದಿನದಿಂದ ಹೊಡೆತ ಇಟ್ಟಿಗೆಗೆ ಬಿತ್ತು.

ಹಾಗಾದರೆ ಇಷ್ಟು ನೀರು ಬುಡಕ್ಕೆ ಬರುತ್ತಿರುವುದು ಎಲ್ಲಿಂದ? ಆ ಕಾಲದ ಕಟ್ಟಡಗಳಲ್ಲಿ ತೇವ ತಡೆಯಲು ಈಗಿನಂಥ ಪದರ ಇರುವುದಿಲ್ಲ. ಆ ಕೆಲಸ ಮಾಡುತ್ತಿದ್ದುದು ಬುಡದ ಗ್ರಾನೈಟ್ ಪ್ಲಿಂತ್, ಅಂದರೆ ನೆಲಮಟ್ಟದಿಂದ ಮೇಲೆದ್ದ ಕಲ್ಲಿನ ಅಡಿಗಟ್ಟು. ಗ್ರಾನೈಟ್ ನೀರು ಹೀರುವುದು ತೀರಾ ಕಡಿಮೆ. ನಮ್ಮ ಚರ್ಚಿನಲ್ಲಿ ಪ್ಲಿಂತ್ ಎಲ್ಲೂ ಕಾಣುತ್ತಿರಲಿಲ್ಲ. ಇಟ್ಟಿಗೆ ಗೋಡೆ ಸೀದಾ ಕಾಂಕ್ರೀಟ್ ಅಂಗಳದಿಂದ ಎದ್ದಂತಿತ್ತು. ಕಟ್ಟಿದವರು ಕಲ್ಲಿನ ಖರ್ಚು ಉಳಿಸಿರಬಹುದೇ ಎಂದೂ ಯೋಚಿಸಿದೆ.

ಉತ್ತರ ಒಂದು ಮದುವೆಯ ಫೋಟೋದಲ್ಲಿ ಸಿಕ್ಕಿತು. ಹಳೆಯ ಚಿತ್ರಗಳಿದ್ದರೆ ತನ್ನಿ ಎಂದು ಸಭೆಯಲ್ಲಿ ಕೇಳಿಕೊಂಡಿದ್ದೆವು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಸೆರಗಿನಲ್ಲಿ ಸುತ್ತಿಕೊಂಡು ಒಂದು ಕಪ್ಪುಬಿಳುಪು ಫೋಟೋ ತಂದರು. ಮೊಗಸಾಲೆಯ ಮೆಟ್ಟಿಲ ಮೇಲೆ ಅವರು, ಅವರ ಯಜಮಾನರು, ಎರಡೂ ಕಡೆಯ ನೆಂಟರು. ಅಜ್ಜಿ ಒಬ್ಬೊಬ್ಬರ ಹೆಸರು ಹೇಳುತ್ತಿದ್ದರು. ನಾನು ಮೆಟ್ಟಿಲು ಎಣಿಸುತ್ತಿದ್ದೆ. ಐದು. ಹೊರಗೆ ಬಂದು ಎಣಿಸಿದರೆ ಮೂರು.

ಅಂದೇ ಸಂಜೆ ದಕ್ಷಿಣದ ಗೋಡೆಯ ಪಕ್ಕ ಒಂದು ಗುಂಡಿ ತೋಡಿಸಿದೆವು. ಕಾಂಕ್ರೀಟು, ಅದರಡಿ ಇಟ್ಟಿಗೆ ಚೂರು, ಅದರಡಿ ಕಪ್ಪು ಡಾಂಬರು, ಆಮೇಲೆ ಕೆಂಪು ಮಣ್ಣು. ಅದರ ಮರೆಯಲ್ಲಿ ಚೆನ್ನಾಗಿ ಕೆತ್ತಿದ ಗ್ರಾನೈಟಿನ ಎರಡು ವರಸೆ. ರಸ್ತೆಗೆ ಪ್ರತಿಸಲ ಡಾಂಬರು ಹಾಕುವಾಗ ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೇ ಹಾಕುತ್ತಾ ಬಂದಿದ್ದಾರೆ. ರಸ್ತೆ ಏರಿದಾಗ ಅಂಗಳದಲ್ಲಿ ನೀರು ನಿಂತಿದೆ. ಅಂಗಳವನ್ನೂ ಏರಿಸಿದ್ದಾರೆ. ಕಟ್ಟಡ ಮಾತ್ರ ಇದ್ದಲ್ಲೇ ಇದೆ. ಇನ್ನೂ ಸ್ವಲ್ಪ ತೋಡಿದಾಗ ಗೋಡೆಗೆ ಸಮಾನಾಂತರವಾಗಿ ಇಟ್ಟಿಗೆ ಕಟ್ಟಿದ ಒಂದು ಚರಂಡಿ ಸಿಕ್ಕಿತು, ಮಣ್ಣು ತುಂಬಿ ಹೋಗಿತ್ತು. ಮೇಸ್ತ್ರಿ ಅದರೊಳಗೆ ಕೈಹಾಕಿ ಇಳಿಜಾರು ಎತ್ತ ಕಡೆಗಿದೆಯೆಂದು ಸವರಿ ನೋಡಿದರು. ನೂರೈವತ್ತಕ್ಕೂ ಹೆಚ್ಚು ವರ್ಷದ ಹಿಂದಿನವರು ಮಳೆನೀರು ಎಲ್ಲಿಗೆ ಹೋಗಬೇಕೆಂದು ಯೋಚಿಸಿಯೇ ಕಟ್ಟಿದ್ದರು. ಪ್ಲಿಂತ್ ಇಲ್ಲವೆಂದು ಅವರ ಮೇಲೆ ನಾನು ಹೊರಿಸಿದ್ದ ಅನುಮಾನಕ್ಕೆ ಆ ಗುಂಡಿಯ ಪಕ್ಕ ನಿಂತು ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಸಮಿತಿಯ ಆ ಸಂಜೆ

ನಾನು ಮುಂದಿಟ್ಟ ಕ್ರಮ ಹೀಗಿತ್ತು. ಮೊದಲು ಹೊರಗೆ ಗೋಡೆಯ ಉದ್ದಕ್ಕೂ ಕಾಂಕ್ರೀಟ್ ಒಡೆದು, ಮಣ್ಣು ಇಳಿಸಿ, ಹಳೆಯ ಚರಂಡಿಗೆ ಜೀವ ಕೊಡುವುದು. ಆಮೇಲೆ ಸಿಮೆಂಟ್ ಪ್ಲಾಸ್ಟರ್ ತೆಗೆದು ಗೋಡೆಯನ್ನು ಎರಡು ಮಳೆಗಾಲ ಹಾಗೇ ಬಿಡುವುದು. ಉಪ್ಪು ಹೊರಬಂದು ಮುಗಿದ ಮೇಲೆ ಸುಣ್ಣದ ಗಾರೆ, ಅದರ ಮೇಲೆ ಸುಣ್ಣದ ಬಣ್ಣವೇ.

ಚರ್ಚಿನ ಪಾದ್ರಿ ಅಯ್ಯನವರು ಮೃದು ಮಾತಿನವರು. "ಎರಡು ಮಳೆಗಾಲ ಗೋಡೆ ಬತ್ತಲೆ ನಿಲ್ಲಬೇಕು ಅಂತೀರಾ? ಮದುವೆಗಳಿವೆಯಮ್ಮಾ. ಕ್ರಿಸ್‌ಮಸ್ಸು ಎರಡು ಸಲ ಬರುತ್ತೆ."

ಖಜಾಂಚಿಯವರು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಪ್ರಶ್ನೆ ನೇರ. "ಅವರಿಬ್ಬರೂ ಹತ್ತು ವರ್ಷ ಬರೆದುಕೊಡ್ತಾರೆ. ನೀವು ಎಷ್ಟು ವರ್ಷ ಬರೆದುಕೊಡ್ತೀರಿ?"

ಒಂದು ವರ್ಷವನ್ನೂ ಬರೆದುಕೊಡಲಾರೆ ಎಂದೆ. ಸುಣ್ಣದ ಗಾರೆಗೆ ಆರೈಕೆ ಬೇಕು, ಅಲ್ಲಲ್ಲಿ ಉದುರುತ್ತದೆ, ಉದುರಿದಾಗ ಹಾಕುತ್ತಿರಬೇಕು. ಅವರ ಗ್ಯಾರಂಟಿ ಗ್ರಾನೈಟ್ ಚಪ್ಪಡಿಗೆ, ಹಿಂದಿನ ಇಟ್ಟಿಗೆಗಲ್ಲ ಎಂದೂ ಹೇಳಿದೆ. ಚಪ್ಪಡಿ ಹತ್ತು ವರ್ಷ ಮಿರುಗುತ್ತಲೇ ಇರಬಹುದು, ಒಳಗೆ ಒದ್ದೆ ಫಲಕಗಳ ಮಟ್ಟ ದಾಟಿ ಕಿಟಕಿಯವರೆಗೆ ಹೋಗಿರುತ್ತದೆ. ಮಾತಿನಿಂದ ಯಾರೂ ಒಪ್ಪಿದಂತೆ ಕಾಣಲಿಲ್ಲ. ಸಭೆ ವೆಸ್ಟ್ರಿಗೆ ಎದ್ದುಹೋಯಿತು. ಒಬ್ಬೊಬ್ಬರೂ ಕಪಾಟಿನ ಹಿಂದಿನ ಗಾರೆಯನ್ನು ಮುಟ್ಟಿದರು, ಆಮೇಲೆ ಪಕ್ಕದ ಸಿಮೆಂಟನ್ನು. ಖಜಾಂಚಿಯವರು ಎರಡು ಸಲ ಮುಟ್ಟಿದರು.

ತೀರ್ಮಾನ ನಡುದಾರಿಯದಾಯಿತು. ಹೊರಗಿನ ಕೆಲಸ ಪೂರ್ತಿ ಮಾಡುವುದು. ಒಳಗೆ ಒಂದೇ ಒಂದು ಅಂಕಣ, ಎರಡು ಕಿಟಕಿಗಳ ನಡುವಿನ ಭಾಗ, ಪ್ರಯೋಗಕ್ಕೆ ಬಿಡುವುದು. ಅದು ಒಣಗಿದರೆ ಮಿಕ್ಕದ್ದು. ಆಗ ನನಗೆ ಅದು ಜಿಪುಣತನವೆಂದು ಅನಿಸಿತ್ತು. ಈಗ ನೋಡಿದರೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ವಿವೇಕದ ತೀರ್ಮಾನ ಅದೇ, ಮತ್ತು ಅದು ನನ್ನದಲ್ಲ.

ನಡೆದದ್ದು

ಪ್ಲಾಸ್ಟರನ್ನು ಯಂತ್ರ ಮುಟ್ಟಿಸದೆ ಉಳಿ ಸುತ್ತಿಗೆಯಲ್ಲೇ ತೆಗೆಸಿದೆವು. ಆದರೂ ಕೆಲವೆಡೆ ಸಿಮೆಂಟು ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡೇ ಬಂತು. ಆ ನಷ್ಟ ತುಂಬಲಾಗದ್ದು. ಅದರ ಬದಲಿಗೆ ಸಿಕ್ಕಿದ ಒಂದು ಸಂತೋಷವೂ ಇದೆ. ಒಂದು ಅರೆಗಂಬದ ಮೂಲೆಯಲ್ಲಿ ಸಿಮೆಂಟಿನಡಿ ಅಂಗೈಯಗಲದಷ್ಟು ಮೂಲ ಗಾರೆ ಉಳಿದಿತ್ತು, ಕಂಬದ ಬುಡದ ಉಬ್ಬುತಗ್ಗು ಸಮೇತ. ತಗಡು ಕತ್ತರಿಸಿ ಅದರ ಅಚ್ಚು ಮಾಡಿಕೊಂಡೆವು. ಸಪಾಟಾಗಿದ್ದ ಗೋಡೆಯಲ್ಲಿ ಮತ್ತೆ ಅರೆಗಂಬಗಳನ್ನು ಮೂಡಿಸಲು ಇಡೀ ಚರ್ಚಿನಲ್ಲಿ ನಮಗಿದ್ದ ಆಧಾರ ಅದೊಂದೇ.

ಮೊದಲ ಮಳೆಗಾಲ ಎಲ್ಲರಿಗೂ ಕಷ್ಟವಾಯಿತು. ಬೆಂಗಳೂರಿನ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಮಳೆ ಬಿಟ್ಟು ಚಳಿಗಾಲದ ಒಣಗಾಳಿ ಬೀಸತೊಡಗಿದಾಗ ಬತ್ತಲೆ ಇಟ್ಟಿಗೆಯ ಮೇಲೆ ಉಪ್ಪು ಹತ್ತಿಯಂತೆ ಅರಳಿತು. ಮೊದಲಿಗಿಂತ ಹಾಳಾಯಿತೆಂದು ಸಭೆಯಲ್ಲಿ ಮಾತೆದ್ದಿತು. ನೀರು ಹಾಕಿ ತೊಳೆಯೋಣವೆಂದರು ಕೆಲವರು. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ, ಮೊರದಲ್ಲಿ ಹಿಡಿದು, ಕಾಂಪೌಂಡಿನಿಂದಲೇ ಹೊರಗೆ ಹಾಕಬೇಕು. ಆ ಕೆಲಸವನ್ನು ಯುವಜನ ಸಂಘದ ಮಕ್ಕಳು ಹೊತ್ತುಕೊಂಡರು. ಪ್ರತಿ ಶನಿವಾರ ಸಂಜೆ ಹಾಡಿನ ಅಭ್ಯಾಸಕ್ಕೆ ಮೊದಲು ಉಪ್ಪು ಉಜ್ಜಿ ತೆಗೆಯುವುದು, ಒದ್ದೆ ಎಲ್ಲಿಯವರೆಗಿದೆಯೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆದು ತಾರೀಕು ಬರೆಯುವುದು. ಹುಡುಗಿಯೊಬ್ಬಳಿಗೆ ಅದು ಹೊಳೆದದ್ದು, ನಾನು ಹೇಳಿಕೊಟ್ಟದ್ದಲ್ಲ. ಜನವರಿಯ ಹೊತ್ತಿಗೆ ಗೋಡೆಯ ಮೇಲೆ ಏಣಿಯಂತೆ ಗೆರೆಗಳು, ಎದೆಮಟ್ಟದಿಂದ ಸೊಂಟದ ಮಟ್ಟಕ್ಕೆ ಇಳಿದಿದ್ದವು. ನನ್ನ ಯಾವ ವರದಿಯೂ ಮಾಡದ ಕೆಲಸವನ್ನು ಆ ಗೆರೆಗಳು ಮಾಡಿದವು. ಮಿಕ್ಕ ಅಂಕಣಗಳನ್ನೂ ಬಿಚ್ಚಿ ಎಂದು ಸಮಿತಿಯೇ ಹೇಳಿತು.

ಎರಡನೇ ತಪ್ಪಿನ ಹೊಣೆಯೂ ನನ್ನದು. ಎರಡನೇ ಮಳೆಗಾಲ ಮುಗಿದೊಡನೆ ಆ ಮೊದಲ ಅಂಕಣಕ್ಕಾದರೂ ಕ್ರಿಸ್‌ಮಸ್ಸಿನೊಳಗೆ ಗಾರೆ ಆಗಲಿ ಎಂದು ಕೇಳಿಕೊಂಡರು. ಬೇಡವೆನ್ನುವ ಧೈರ್ಯ ನನಗಾಗಲಿಲ್ಲ. ಸುಣ್ಣದಲ್ಲಿ ಕೊರತೆಯಿರಲಿಲ್ಲ. ಸುಟ್ಟ ಸುಣ್ಣಕಲ್ಲನ್ನು ಗುಂಡಿಯಲ್ಲಿ ಅರಳಿಸಿ ತಿಂಗಳುಗಟ್ಟಲೆ ನೀರಿನಡಿ ಇಟ್ಟಿದ್ದೆವು. ಹಳೆಯ ಇಟ್ಟಿಗೆ ಕುಟ್ಟಿದ ಸುರ್ಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಎಲ್ಲವೂ ಸರಿಯಿತ್ತು. ಕೊಟ್ಟ ಸಮಯ ಸರಿಯಿರಲಿಲ್ಲ. ಮೂರು ತೆಳು ಪದರದಲ್ಲಿ ಹಾಕಬೇಕಾದದ್ದನ್ನು ಒಂದೇ ದಪ್ಪ ಪದರದಲ್ಲಿ ಹಾಕಿಸಿದೆ. ಡಿಸೆಂಬರಿನ ಗಾಳಿಗೆ ಮೇಲ್ಮೈ ಬೇಗ ಒಣಗಿ ಹತ್ತು ದಿನದಲ್ಲಿ ಜೇಡರ ಬಲೆಯಂತೆ ಬಿರುಕು ಬಿಟ್ಟಿತು. ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು.

ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವುದರಿಂದ. ಅದು ನಿಧಾನ, ಮತ್ತು ಅದು ನಡೆಯಲು ತೇವ ಉಳಿದಿರಬೇಕು. ಒಣಗಿದ್ದು ಬೇರೆ, ಗಟ್ಟಿಯಾದದ್ದು ಬೇರೆ. ಸಿಮೆಂಟಿನ ಕಾಲದಲ್ಲಿ ಬೆಳೆದ ನಮಗೆ ಇವೆರಡೂ ಒಂದೇ ಆಗಿಬಿಟ್ಟಿವೆ. ಮೇಸ್ತ್ರಿಗೆ ಅದು ಗೊತ್ತಿತ್ತು, ಎರಡು ಸಲ ಹೇಳಿಯೂ ಇದ್ದರು. ಅವರು ಏನೂ ಅನ್ನದೆ ಇಡೀ ಗಾರೆಯನ್ನು ಕೆರೆದು ಹಾಕಿದರು. ಆ ಕ್ರಿಸ್‌ಮಸ್ಸಿಗೆ ಹೆಂಗಸರ ಸಂಘದವರು ಬತ್ತಲೆ ಇಟ್ಟಿಗೆಯ ಮುಂದೆ ಬಾಳೆಕಂಬ ನೆಟ್ಟು, ಕಾಗದದ ನಕ್ಷತ್ರ ತೂಗುಬಿಟ್ಟರು. ಚೆನ್ನಾಗಿಯೇ ಇತ್ತು.

ಜನವರಿಯಿಂದ ಮತ್ತೆ ಶುರುಮಾಡಿದೆವು. ತೆಳು ಪದರ, ಪ್ರತಿ ಪದರದ ಮೇಲೆ ಒದ್ದೆ ಗೋಣಿತಟ್ಟು, ಮುಂದಿನ ಪದರಕ್ಕೆ ಮೊದಲು ವಾರಗಟ್ಟಲೆ ಕಾಯುವುದು. ಕೊನೆಯ ಪದರವನ್ನು ಮೇಸ್ತ್ರಿಯ ಮೊಮ್ಮಗ ಕರಣೆಯಿಂದ ಉಜ್ಜಿದ. ಇದಕ್ಕೆ ಮೊದಲು ಅವನು ಟೈಲ್ಸ್ ಕೆಲಸ ಮಾಡುತ್ತಿದ್ದವನು.

ಬಣ್ಣದ ವಿಷಯದಲ್ಲಿ ಎಲ್ಲ ಕೈತಪ್ಪುವುದರಲ್ಲಿತ್ತು. ತಂದೆಯ ನೆನಪಿಗೆಂದು ಒಂದು ಕುಟುಂಬ ಇಡೀ ಹಜಾರಕ್ಕೆ ದುಬಾರಿ ಎಮಲ್ಷನ್ ಬಣ್ಣ ಕೊಡಿಸಲು ಮುಂದೆ ಬಂತು, ಡಬ್ಬಗಳು ಬಂದೂ ಇಳಿದವು. ಎರಡೂವರೆ ವರ್ಷದ ಕೆಲಸಕ್ಕೆ ಪ್ಲಾಸ್ಟಿಕ್ ಹೊದಿಕೆ ಬೀಳಲು ಒಂದು ದಿನ ಬಾಕಿ. ಅಯ್ಯನವರು ಆ ಮನೆಗೆ ತಾವೇ ಹೋಗಿ, ಡಬ್ಬಗಳನ್ನು ಹಿಂದಿರುಗಿಸಿ, ಆ ಹಣದಲ್ಲಿ ಪ್ರತಿವರ್ಷ ಈಸ್ಟರಿಗೆ ಮೊದಲು ಸುಣ್ಣ ಬಳಿಸುವ ವ್ಯವಸ್ಥೆ ಮಾಡೋಣವೆಂದು ಒಪ್ಪಿಸಿದರು. ಅವರು ಅಲ್ಲಿ ಏನು ಮಾತಾಡಿದರೋ ನನಗೆ ಹೇಳಲಿಲ್ಲ.

ಇದೇ ಕೆಲಸಕ್ಕೆ ಹೊರಟವರಿಗೆ

ಇನ್ನೊಮ್ಮೆ ಇಂಥ ಕೆಲಸ ಬಂದರೆ ಮೊದಲ ದಿನವೇ ಗೋಡೆಯ ಬುಡದಲ್ಲಿ ಗುಂಡಿ ತೋಡಿಸುತ್ತೇನೆ, ಮೊದಲ ವಾರವೇ ಮದುವೆ ಫೋಟೋಗಳನ್ನು ಕೇಳುತ್ತೇನೆ. ಚರ್ಚು, ರೈಲು ನಿಲ್ದಾಣ, ಕಚೇರಿ ಯಾವುದೇ ಆಗಲಿ, ಮೆಟ್ಟಿಲ ಮೇಲೆ ಸಾಲಾಗಿ ನಿಂತು ಚಿತ್ರ ತೆಗೆಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಹಳೆಯದು. ನೆಲ ಎಷ್ಟು ಏರಿದೆಯೆಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ರೈಲ್ವೆಯವರಿಗೆ ಚರಂಡಿ ದಿನದ ಕೆಲಸ, ಹಳಿಯಡಿ ನೀರು ನಿಂತರೆ ಹಳಿ ಕೂರುತ್ತದೆ. ಚರ್ಚಿನವರಿಗಾಗಲಿ ಕಚೇರಿಯವರಿಗಾಗಲಿ ಹಾಗೆ ಕೂಡಲೇ ಎಚ್ಚರಿಸುವುದು ಯಾವುದೂ ಇಲ್ಲ. ಅವರ ಗೋಡೆ ಹತ್ತಾರು ವರ್ಷ ಸುಮ್ಮನೆ ನೀರು ಕುಡಿಯುತ್ತದೆ.

ಹಣ ಹೋದ ದಾರಿಯನ್ನೂ ಹೇಳಬೇಕು. ಗೋಡೆಯ ದುರಸ್ತಿಗೆಂದು ಎತ್ತಿದ ಚಂದಾದಲ್ಲಿ ದೊಡ್ಡ ಪಾಲು ಗೋಡೆಯ ಹೊರಗೆ, ಮಣ್ಣು ತೆಗೆಯುವುದಕ್ಕೂ ಚರಂಡಿಗೂ ಹೋಯಿತು. ಕಣ್ಣಿಗೆ ಕಾಣದ ಆ ಖರ್ಚನ್ನು ಒಪ್ಪಿಸುವುದೇ ಕಷ್ಟದ ಭಾಗ. ಅದಕ್ಕೆ ನನ್ನ ನಕ್ಷೆಗಿಂತ ಕಪಾಟಿನ ಹಿಂದಿನ ಗಾರೆಯನ್ನು ಮುಟ್ಟಿಸಿದ್ದು ಹೆಚ್ಚು ಉಪಯೋಗಕ್ಕೆ ಬಂತು. ಬಣ್ಣ ಯಾವುದಿರಬೇಕೆಂಬುದನ್ನು ಕೆಲಸ ಶುರುವಾಗುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ನಾನು ಬರೆಸಿಕೊಂಡಿರಲಿಲ್ಲ.

ಇದನ್ನು ಎಲ್ಲ ಕಡೆಗೂ ಹಾಗೇ ಒಯ್ಯಬೇಡಿ. ಮಂಗಳೂರಿನ ಕಡೆಯ ಮುರಕಲ್ಲಿನ ಗೋಡೆಗೆ ನೆಲದ ನೀರಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಗಾಳಿಯೊಡನೆ ಅಡ್ಡ ಹೊಡೆಯುವ ಮಳೆಯ ಕಾಟ. ಅಲ್ಲಿ ಸೂರಿನ ಚಾಚು ಎಷ್ಟಿದೆಯೆಂಬುದು ಮೊದಲ ಪ್ರಶ್ನೆಯಾಗಬೇಕು. 1858ರಲ್ಲಿ ಪ್ರತಿಷ್ಠೆಯಾದ ಮುಂಬಯಿಯ ಆಫ್ಘನ್ ಚರ್ಚಿನಂಥ, ಚೂಪು ಕಮಾನಿನ ಗಾಥಿಕ್ ಶೈಲಿಯ ಕಟ್ಟಡಗಳಲ್ಲಿ ಹೊರಮೈ ಕಲ್ಲಿನದೇ. ಅಲ್ಲಿ ಕಲ್ಲಿನ ಸಂದುಗಳಿಗೆ ಸಿಮೆಂಟು ತುಂಬಿದ್ದಾರೆಯೇ ಎಂದು ನೋಡಬೇಕು.

ನಮ್ಮ ಚರ್ಚಿನಲ್ಲಿ ಎಲ್ಲವೂ ಸರಿಹೋಗಿಲ್ಲ. ದಕ್ಷಿಣದ ಗೋಡೆ ಒಣಗಿದೆ. ಒಳಗಿನ ಟೈಲ್ಸನ್ನು ಪೂರ್ತಿ ತೆಗೆಯಲು ಸಭೆ ಒಪ್ಪಲಿಲ್ಲ, ಗೋಡೆಯ ಉದ್ದಕ್ಕೂ ಒಂದು ಪಟ್ಟಿ ಮಾತ್ರ ತೆಗೆದು ಸುಣ್ಣದ ಸಂದಿನಲ್ಲಿ ಕಲ್ಲು ಹಾಸಿದ್ದೇವೆ. ಸದ್ಯಕ್ಕೆ ಅಷ್ಟು ಸಾಕಾಗಿದೆ. ಉತ್ತರದ ಮೂಲೆಯಲ್ಲಿ, ಶೌಚಾಲಯದ ಹಿಂದೆ, ಗೋಡೆ ಇನ್ನೂ ಒದ್ದೆ. ಅಲ್ಲಿನ ಕೊಳವೆ ಪಕ್ಕದ ಕಾಂಪೌಂಡಿನ ಅಡಿಯಲ್ಲಿ ಹಾದುಹೋಗುತ್ತದೆ, ಮಾತುಕತೆ ನಡೆಯುತ್ತಿದೆ.

ಮುಂದಿನ ಮೊಗಸಾಲೆಯ ಬಳಿ ಅಂಗಳ ಇಳಿಸಿದಾಗ ನಾಲ್ಕನೇ ಮೆಟ್ಟಿಲು ಹೊರಬಂತು. ಐದನೆಯದು ಬರಲಿಲ್ಲ. ರಸ್ತೆ ಅದಕ್ಕಿಂತ ಎತ್ತರದಲ್ಲಿದೆ, ಅದನ್ನು ಬಿಡಿಸಿದರೆ ರಸ್ತೆಯ ನೀರೆಲ್ಲ ಒಳಗೆ ಬರುತ್ತದೆ. ಈ ವರ್ಷ ಆ ರಸ್ತೆಗೆ ಮತ್ತೆ ಡಾಂಬರು ಹಾಕುವ ಸುದ್ದಿಯಿದೆ. ಹಾಕುವ ಮೊದಲು ಹಳೆಯ ಪದರ ಕೆರೆದು ತೆಗೆಯಬೇಕೆಂದು ಕೋರಿ ಸಭೆಯವರು ಪತ್ರ ಬರೆದಿದ್ದಾರೆ, ಜೊತೆಗೆ ಅಜ್ಜಿಯ ಮದುವೆ ಫೋಟೋದ ಒಂದು ಪ್ರತಿಯನ್ನೂ ಲಗತ್ತಿಸಿದ್ದಾರೆ.